ಅರೆಗನ್ನಡಿಯ ಮೇಲೆ ಬಿದ್ದ ಕಣ್ಣು

ಸಂಗಮಗಡ್ಡಿ ನಡುಗಡ್ಡೆ,
ಮರುನೆಲೆ ಶಕೆ ನೂರಾ ಹನ್ನೆರಡು, ವೈಶಾಖ ಮಾಸ;
ನಿಮ್ಮ ಎಣಿಕೆಯಲ್ಲಿ ಇಪ್ಪತ್ತಮೂರನೆಯ ಶತಮಾನದ ನಡುಭಾಗ.

ನಮಗಿಂತ ಮೊದಲು ಬದುಕಿದವರಿಗೆ ವಂದನೆಗಳು.

ಜಲಮಂಡಳಿಯ ನಿವೃತ್ತ ಕಾರ್ಯದರ್ಶಿಗಳಾದ ಗುರುಪಾದಪ್ಪ ತೆಗ್ಗಿಯವರು ಹೋದ ವರ್ಷ ನಿಮಗೊಂದು ಪತ್ರ ಕಳುಹಿಸಿದ್ದಾರೆ. ಫಕೀರವ್ವ ಬಾರಕೇರ ಎಂಬ ಮೀನುಗಾರ ಹೆಂಗಸಿನ ಕಣ್ಣು ಬಿದ್ದು ನಮ್ಮೂರಿನ ಮೀನಿನ ಮಡುಗಳನ್ನು ಹಂಚುವ ಅರೆಗನ್ನಡಿ ಪಕ್ಷಪಾತ ಮಾಡಿತೆಂದೂ, ಶಾಲೆಯಲ್ಲಿ ಪರೀಕ್ಷೆ ನಡೆಸಿದಾಗ ಅದು ಸಾಬೀತಾಯಿತೆಂದೂ, ಆಕೆ ನಾಚಿ ಊರು ಬಿಟ್ಟಳೆಂದೂ ಅದರಲ್ಲಿದೆ. ಮೂರೂ ಸುಳ್ಳು. ಗುರುಪಾದಪ್ಪನವರು ಆ ಮಧ್ಯಾಹ್ನ ಪರೀಕ್ಷೆ ಮುಗಿಯುವ ಮೊದಲೇ ಎದ್ದು ಹೋಗಿದ್ದರು. ಪರೀಕ್ಷೆ ನಡೆಸಿದವಳು ಇಲ್ಲಿನ ಶಾಲೆಯ ಶಿಕ್ಷಕಿಯಾದ ನಾನು. ಫಕೀರವ್ವ ಕಳೆದ ಚಳಿಗಾಲದಲ್ಲಿ ಇದೇ ನಡುಗಡ್ಡೆಯಲ್ಲಿ, ತನ್ನ ಮನೆಯಲ್ಲಿ, ತನ್ನವರ ನಡುವೆ ತೀರಿಕೊಂಡಳು. ಆಕೆ ಉತ್ತರ ಕೊಡಲಾರಳು. ಆದ್ದರಿಂದ ನಾನು ಬರೆಯುತ್ತಿದ್ದೇನೆ.

ನನ್ನ ಕೆಲವು ಪದಗಳು ನಿಮ್ಮ ಕಿವಿಗೆ ಒರಟಾದರೆ ಕ್ಷಮಿಸಿ. ಈ ಪತ್ರ ಹಿಂದಲೆಯೆಂಬ ಅಲೆಯ ಮೇಲೆ ಬರುತ್ತಿದೆ. ವಿದ್ಯುತ್ಕಾಂತೀಯ ಅಲೆಗಳ ಸಮೀಕರಣವನ್ನು ಬಿಡಿಸಿದಾಗ ಎರಡು ಉತ್ತರ ಬರುತ್ತವೆಂಬುದು ನಿಮಗೂ ತಿಳಿದಿತ್ತು: ಒಂದು ಮುಂದಿನ ಕಾಲಕ್ಕೆ ಹೋಗುವ ಅಲೆ, ಇನ್ನೊಂದು ಹಿಂದಿನ ಕಾಲಕ್ಕೆ ಹೋಗುವ ಅಲೆ. ಎರಡನೆಯದರಿಂದ ಪ್ರಯೋಜನವಿಲ್ಲವೆಂದು ನಿಮ್ಮವರು ಅದನ್ನು ಪುಟದ ಅಂಚಿನಲ್ಲೇ ಬಿಟ್ಟರು. ನಾವು ಅದರ ಮೇಲೆ ಅಂಚೆ ಕಳುಹಿಸುತ್ತೇವೆ. ಬೆಳಕಿನ ಕಾಳು ಎಂದು ನಾನು ಬರೆದಲ್ಲಿ ನೀವು ಫೋಟಾನ್ ಎಂದು ಓದಿಕೊಳ್ಳಿ. ಬೆಳಕು ಹರಿಯುವಾಗ ನೀರಿನಂತೆ ಅಲೆಯಲೆಯಾಗಿ ಹರಿದರೂ ಕೈಗೆ ಸಿಗುವಾಗ ಜೋಳದಂತೆ ಕಾಳು ಕಾಳಾಗಿಯೇ ಸಿಗುತ್ತದೆ. ಅರ್ಧ ಕಾಳು ಯಾರಿಗೂ ಸಿಕ್ಕಿದ್ದಿಲ್ಲ.

ಆ ದಿನಗಳ ನಮ್ಮೂರನ್ನು ನಿಮಗೆ ತೋರಿಸಬೇಕು. ಕೃಷ್ಣೆಯ ಹಿನ್ನೀರು ಏರುತ್ತಾ ಏರುತ್ತಾ ಹಳೆಯ ಊರುಗಳನ್ನು ನುಂಗಿದ ಮೇಲೆ ಉಳಿದ ಗುಡ್ಡದ ನೆತ್ತಿಯೇ ಸಂಗಮಗಡ್ಡಿ. ಊರ ನಡುವೆ ಒಂದು ಊರುಗಂಬವಿತ್ತು. ತಂತಿಗಳಿಲ್ಲದೆ, ಸುತ್ತಲಿನ ಕಾಂತಕ್ಷೇತ್ರವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತಾ ಅದು ಮನೆಮನೆಗೆ ಕರೆಂಟು ಕೊಡುತ್ತಿತ್ತು. ಹೆಂಗಸರೆಲ್ಲ ಕೈಯಲ್ಲಿ ಬಳೆದೀಪ ತೊಡುತ್ತಿದ್ದರು: ತಾಮ್ರದ ತಂತಿಯನ್ನು ಸುತ್ತುಸುತ್ತಾಗಿ ಹೆಣೆದ ಬಳೆ, ಅದರ ಬಾಯಿಗೆ ಸಾಸಿವೆಯಷ್ಟು ದೀಪ. ಬದಲಾಗುವ ಕಾಂತಕ್ಷೇತ್ರ ಸುರುಳಿಯೊಳಗೆ ಹಾಯ್ದರೆ ತಂತಿಯಲ್ಲಿ ಕರೆಂಟು ಹರಿಯುತ್ತದೆಂಬ ಪಾಠವನ್ನು ನಾನು ಹಲಗೆಯ ಮೇಲೆ ಬರೆಯಬೇಕಾಗಿರಲೇ ಇಲ್ಲ. ಕಂಬದ ಹತ್ತಿರ ಬಂದಂತೆ ಬಳೆ ಬೆಳಗುತ್ತಿತ್ತು, ದೂರ ಹೋದಂತೆ ಮಂಕಾಗುತ್ತಿತ್ತು. ಸಂಜೆ ಕಟ್ಟೆಯ ಹರಟೆ ಮುಗಿಸಿ ಎಲ್ಲರೂ ಮನೆಗೆ ಹೊರಟಾಗ ಇಳಿಜಾರಿನ ಉದ್ದಕ್ಕೂ ಕೈಗಳು ಒಂದೊಂದಾಗಿ ಕಂದುತ್ತಿದ್ದವು. ಯಾರು ಯಾವ ಓಣಿ ಹಿಡಿದರೆಂದು ಬಾಗಿಲಲ್ಲಿ ಕೂತೇ ಹೇಳಬಹುದಿತ್ತು. ಕಂಬದ ಬುಡದಲ್ಲಿ ಮೆಣಸಿನಕಾಯಿ ಬೇಗ ಒಣಗುತ್ತದೆಂದು ನಂಬಿ ಹರವುತ್ತಿದ್ದರು. ಅದು ಸುಳ್ಳು, ಆದರೆ ಯಾರಿಗೂ ಕೇಡಿಲ್ಲದ ಸುಳ್ಳೆಂದು ನಾನು ತಿದ್ದಲು ಹೋಗಲಿಲ್ಲ. ಈಗ ಕಂಬವನ್ನು ಕಿತ್ತಿದ್ದಾರೆ. ಹೊಸ ದೀಪಗಳು ಎಲ್ಲಿ ನಿಂತರೂ ಒಂದೇ ಸಮ ಉರಿಯುತ್ತವೆ. ಅವುಗಳಲ್ಲಿ ದೋಷವೇನೂ ಇಲ್ಲ.

ಮೀನು ಹಿಡಿಯುವ ಮಡುಗಳನ್ನು ವರ್ಷಕ್ಕೊಮ್ಮೆ ಮನೆತನಗಳಿಗೆ ಹಂಚುತ್ತಿದ್ದರು. ಮೊದಲು ಚೀಟಿ ಎತ್ತುತ್ತಿದ್ದರಂತೆ. ಮಡಿಸಿದವರ ಮೇಲೆ, ಎತ್ತಿದವರ ಮೇಲೆ ಅನುಮಾನ ಬಂದು ದೋಣಿಯ ಹುಟ್ಟುಗಳಿಂದಲೇ ಹೊಡೆದಾಡುತ್ತಿದ್ದರಂತೆ. ಕೊನೆಗೆ ಹಿರಿಯರು ಅರೆಗನ್ನಡಿ ತರಿಸಿದರು. ಅದರ ಮೇಲೆ ಒಂದೇ ಒಂದು ಬೆಳಕಿನ ಕಾಳನ್ನು ಬಿಟ್ಟರೆ, ಅದು ಕನ್ನಡಿಯನ್ನು ದಾಟಿ ನೇರ ಹೋಗಬಹುದು, ಇಲ್ಲವೆ ತಿರುಗಿ ಪಕ್ಕಕ್ಕೆ ಹೋಗಬಹುದು. ಎರಡೂ ದಾರಿಯ ಕೊನೆಗೆ ಒಂದೊಂದು ಹಿಡಿತಟ್ಟೆ. ಕಾಳು ಯಾವ ತಟ್ಟೆಗೆ ಬಿತ್ತೋ ಅದರ ದೀಪ ಹತ್ತುತ್ತದೆ. ಎಡದೀಪವೋ ಬಲದೀಪವೋ ಎಂಬುದನ್ನು ಮುಂಚಿತವಾಗಿ ಯಾರೂ ಹೇಳಲಾರರು. ನಮಗೆ ತಿಳಿವಳಿಕೆ ಸಾಲದೆಂದಲ್ಲ. ತಿಳಿಯಬೇಕಾದದ್ದು ಅಲ್ಲಿ ಇಲ್ಲವೇ ಇಲ್ಲ. ಯಾರ ಕೈವಾಡವೂ ನಡೆಯದ ಹಂಚಿಕೆಯೆಂದು ಊರು ನೆಮ್ಮದಿಯಿಂದಿತ್ತು.

ಆದರೆ ಕೆಲವು ವರ್ಷ ಬೇರೆಯವರಿಗೆ ಮೀನು ಕಡಿಮೆಯಿರುವ ಸಪ್ಪೆ ಮಡುಗಳು ಬಿದ್ದವು. ಆಗೆಲ್ಲ ಫಕೀರವ್ವ ಮುಂದಿನ ಸಾಲಿನಲ್ಲಿದ್ದಳು. ಆಕೆಯ ಕಣ್ಣು ಕೆಟ್ಟದ್ದೆಂಬ ಮಾತು ಮೊದಲೇ ಇತ್ತು. ಆಕೆ ಎತ್ತಿ ಆಡಿಸಿದ ಇಬ್ಬರು ಮೊಮ್ಮಕ್ಕಳು ಜ್ವರದಿಂದ ಸತ್ತಿದ್ದರು. ಅಷ್ಟರಲ್ಲಿ ಗುರುಪಾದಪ್ಪನವರು ನಿಮ್ಮ ಕಾಲದ ಯಾವುದೋ ಪುಸ್ತಕವನ್ನು ಅರ್ಧ ಓದಿ, ವೀಕ್ಷಿಸಿದರೆ ಫಲಿತಾಂಶ ಬದಲಾಗುತ್ತದೆ, ಇದನ್ನು ಭೌತಶಾಸ್ತ್ರವೇ ಹೇಳುತ್ತದೆ ಎಂದು ಕಟ್ಟೆಯ ಮೇಲೆ ನಿಂತು ಸಾರಿದರು. ಅಜ್ಜಿಯರ ಭಯಕ್ಕೆ ವಿಜ್ಞಾನದ ಮೊಹರು ಬಿತ್ತು. ಹಂಚಿಕೆಯ ದಿನ ಫಕೀರವ್ವ ನಡುಗಡ್ಡೆಯಲ್ಲಿರಕೂಡದು, ಆ ದಿನ ಹಾಜರಿಲ್ಲದವರಿಗೆ ಮಡುವಿಲ್ಲ ಎಂದು ಮಂಡಳಿ ಗೊತ್ತುಮಾಡಿತು. ಮಡುವಿಲ್ಲವೆಂದರೆ ಅನ್ನವಿಲ್ಲ.

ನಾನು ಆಕೆಯ ಮನೆಗೆ ಹೋದಾಗ ಬುಟ್ಟಿಗೆ ಸಾಮಾನು ತುಂಬುತ್ತಿದ್ದಳು. ಸೆರಗು ಹುಬ್ಬಿನ ಕೆಳಗಿಳಿದಿತ್ತು.

"ಅವರು ಹೇಳೂದು ಖರೇ ಐತ್ರಿ ಅಕ್ಕೋರ. ನನ್ನ ಕಣ್ಣ ಛಲೋ ಅಲ್ಲ. ನನ್ನ ಮಗಗ ಮೂರನೇ ಕೂಸು ಹುಟ್ಟೇತಿ, ಎದುರಿನ ಮನಿಯಾಗ ಅಳೂದು ಕೇಳತೈತಿ. ನಾ ಇನ್ನೂ ಮಾರಿ ನೋಡಿಲ್ಲ. ನಾ ದೂರ ಹೋದ್ರ ಅದಾದ್ರೂ ಬದಕ್ಲಿ."

ಆಗ ನನಗೆ ತಿಳಿಯಿತು, ಹೋಗುವುದು ಮಡು ಮಾತ್ರವಲ್ಲ ಎಂದು.

ಮರುದಿನ ಮಧ್ಯಾಹ್ನ ಅರೆಗನ್ನಡಿಯನ್ನು ಶಾಲೆಯ ಪಡಸಾಲೆಗೆ ತರಿಸಿದೆ. ಫಕೀರವ್ವನ ಸೊಸೆ ಶಾವಂತ್ರೆವ್ವ ಕೂಸನ್ನು ಹೊತ್ತು ಬಂದು ಅತ್ತೆಯ ಬೆನ್ನ ಹಿಂದೆ ಕೂತಳು. ಬಲದೀಪವೇ ಹತ್ತಲೆಂದು ಮನಸಾರೆ ದಿಟ್ಟಿಸಿ ನೋಡಬೇಕೆಂದು ನಾನು ಫಕೀರವ್ವನಿಗೆ ಹೇಳಿದೆ.

"ಬ್ಯಾಡ್ರಿ ಅಕ್ಕೋರ, ಕನ್ನಡಿ ಒಡದ ಹೋದೀತು."

"ಒಡದ್ರ ನನ್ನ ಪಗಾರದಾಗ ತರ್ತೀನಿ. ನೋಡ್ರಿ."

ನೋಡಿದಳು. ಮೊದಲ ಹಲವು ಕಾಳುಗಳು ಸಾಲಾಗಿ ಬಲಕ್ಕೇ ಬಿದ್ದವು. ಪಡಸಾಲೆ ಗುಜುಗುಜು ಎಂದಿತು. ಗುರುಪಾದಪ್ಪನವರು ಎದ್ದು ನಿಂತು, "ಕಂಡ್ರಿಲ್ಲೋ? ವಿಜ್ಞಾನನ ಹೇಳಾಕತ್ತೈತಿ, ನಾ ಏನ್ ಹೇಳ್ಲಿ!" ಎಂದು ಧೋತರದ ಚುಂಗು ಹಿಡಿದು ಹೊರಟೇ ಹೋದರು. ಹಿಂದೆ ಬಿದ್ದದ್ದು ಎಲ್ಲಿಯೆಂಬ ನೆನಪು ಕಾಳಿಗಿಲ್ಲ, ಇಂಥ ಸಾಲುಗಳು ಬಂದೇ ಬರುತ್ತವೆ ಎಂದು ನಾನು ಹೇಳಿದ್ದನ್ನು ಅವರು ಕೇಳಲಿಲ್ಲ. ನಾವು ಮುಂದುವರಿಸಿದೆವು. ಎಡ, ಬಲ, ಎಡ, ಎಡ. ಹೊತ್ತು ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಸರಿಸಮವಾಯಿತು. ಆಕೆಯನ್ನು ಗೋಡೆಯ ಕಡೆ ಮುಖಮಾಡಿ ಕೂರಿಸಿದೆವು, ಆಗಲೂ ಹಾಗೆಯೇ.

ಸುಣಗಾರ ತಾರವ್ವ ತಡೆಯಲಾರದೆ ಕೂಗಿದಳು: "ಫಕೀರಿ, ನಿನ್ನ ಕಣ್ಣಿಗೆ ಅಷ್ಟ ತಾಕತ್ತಿದ್ರ ನನ್ನ ಗಂಡನ್ನ ಒಮ್ಮಿ ನೋಡಬೇ! ಸೆರೆದಂಗಡಿ ಕಡೆ ಹೊಂಟಾಂವ ಮನಿ ಕಡೆ ತಿರುಗ್ಲಿ!" ಆಕೆಯ ಗಂಡ ಬರಮಪ್ಪ ಅಲ್ಲಿಯೇ ಇದ್ದ. ಎಲ್ಲರೂ ನಕ್ಕರು, ಊರಿನ ಭಯ ಆ ನಗೆಯಲ್ಲಿ ಬಹುಮಟ್ಟಿಗೆ ಕರಗಿತು; ಹಂಚಿಕೆಯ ದಿನ ಆಕೆ ದೂರವಿರಬೇಕೆಂಬ ಮಾತೂ ಅಲ್ಲಿಗೇ ನಿಂತಿತು.

ಫಕೀರವ್ವ ನಗಲಿಲ್ಲ. ವೀಕ್ಷಣೆಯೆಂದರೆ ಕಣ್ಣಲ್ಲ, ಕಾಳು ಹಿಡಿತಟ್ಟೆಗೆ ಬಡಿಯುವುದೇ ವೀಕ್ಷಣೆ, ನಿಮ್ಮ ಕಣ್ಣು ದೀಪ ನೋಡುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ ಎಂದು ನಾನು ವಿವರಿಸಿದೆ. ಆಕೆ ಕನ್ನಡಿಯ ಕಡೆ ಬೆರಳು ತೋರಿಸಿದಳು.

"ಒಂದ ಮಾತ ಕೇಳ್ಲೇನ್ರಿ? ಎಡಕ್ಕ ಹೋಗು, ಬಲಕ್ಕ ಹೋಗು ಅಂತ ಆ ಕಾಳಿಗೆ ಯಾರ ಹೇಳ್ತಾರ್ರಿ?"

"ಯಾರೂ ಹೇಳೂದಿಲ್ಲ."

"ಕನ್ನಡಿ?"

"ಇಲ್ಲ."

"ತನಗಾದ್ರೂ ಗೊತ್ತಿರತೈತೇನು?"

"ಅದಕ್ಕೂ ಗೊತ್ತಿರೂದಿಲ್ಲ."

"ದೇವರಿಗೆ?"

"ಅದು ನನ್ನ ವಿಷಯ ಅಲ್ಲ ಫಕೀರವ್ವ."

"ಅಂದ್ರ, ಯಾರೂ ಮಾಡದ ಆಗೂದು ಅಂತ ಒಂದು ಐತಿ ಈ ಜಗತ್ತಿನಾಗ."

"ಐತಿ."

"ಹಂಗಾರ ನಾನೂ ಅಲ್ಲ."

ಇದನ್ನು ಆಕೆ ಯಾರನ್ನೂ ಉದ್ದೇಶಿಸಿ ಹೇಳಲಿಲ್ಲ; ಉಸಿರು ಬಿಟ್ಟಂತೆ ಅಂದಳು. ನಾನು ತಿದ್ದಲು ಬಾಯಿ ತೆರೆದೆ. ಜ್ವರಕ್ಕೆ ಕಾರಣವಿರುತ್ತದೆ, ಬೆಳಕಿನ ಕಾಳಿಗಿರುವುದಿಲ್ಲ. ಆ ಮಕ್ಕಳ ಜ್ವರ ಬಂದದ್ದು ಕೆಟ್ಟ ನೀರಿನಿಂದ. ಎರಡನ್ನೂ ಒಂದೇ ಬೆಂಚಿನ ಮೇಲೆ ಕೂರಿಸಕೂಡದು. ಆದರೆ ದಾರಿ ತಪ್ಪಿದ್ದರೂ ಆಕೆಯ ಉತ್ತರ ಸರಿಯಾಗಿತ್ತು. ಕ್ರಮ ಬರೆಯದವರಿಗೆ ಎಂದೂ ಅಂಕ ಕೊಡದ ನಾನು ಆ ದಿನ ಪೂರ್ತಿ ಕೊಟ್ಟೆ. ನೀರಿನ ಮಾತನ್ನು ಮರುವಾರ, ಕಾಯಿಸಿ ಕುಡಿಯಿರೆಂದು ಮನೆಮನೆಗೆ ಹೋಗಿ ಹೇಳಿದೆ.

ನಿಮ್ಮಲ್ಲಿ ಒಂದು ವಿನಂತಿಯಿದೆ. ವೀಕ್ಷಕ, ವೀಕ್ಷಣೆ ಎಂದು ನೀವು ಪುಸ್ತಕಗಳಲ್ಲಿ ಬರೆಯುವಾಗ, ಅದು ಕಣ್ಣಲ್ಲ, ಮನಸ್ಸಲ್ಲ ಎಂಬ ಇನ್ನೊಂದು ವಾಕ್ಯವನ್ನೂ ಪಕ್ಕದಲ್ಲೇ ಬರೆಯಿರಿ. ಆ ವಾಕ್ಯಕ್ಕೆ ನಿಮ್ಮಲ್ಲಿ ಜಾಗವಿಲ್ಲದೆ ಹೋದರೆ, ಎರಡು ಶತಮಾನ ದಾಟಿ ಬಂದು ಅದು ಒಬ್ಬ ಅಜ್ಜಿಯ ಮುಖದ ಮೇಲೆ ಸೆರಗಾಗಿ ಕೂರುತ್ತದೆ.

ಆ ದಿನ ಆ ಮಾತು ಅಂದ ಮೇಲೆ ಫಕೀರವ್ವ ಸೆರಗನ್ನು ಹಿಂದಕ್ಕೆ ಸರಿಸಿ, ಕೂತಲ್ಲೇ ತಿರುಗಿ, ಎರಡೂ ಕೈ ಚಾಚಿದಳು. ಶಾವಂತ್ರೆವ್ವ ಒಂದು ಕ್ಷಣ ತಡೆದು, ಕೂಸನ್ನು ಕೊಟ್ಟಳು. ಇದನ್ನು ಕಂಡವರು ಇವರು: ತಾರವ್ವ ಸುಣಗಾರ, ಬರಮಪ್ಪ ಸುಣಗಾರ, ಬಲೆ ಹೆಣೆಯುವ ಮೆಹಬೂಬಸಾಬ ಮುಲ್ಲಾ, ಫಕೀರವ್ವನ ಮಗ ಇಮಾಮಪ್ಪ ಬಾರಕೇರ, ಶಾವಂತ್ರೆವ್ವ ಬಾರಕೇರ, ಈ ಪತ್ರ ಬರೆದ ರುಕ್ಮಾಬಾಯಿ ಹೆರಕಲ್ಲ, ಫಕೀರವ್ವ ಬಾರಕೇರ, ಮತ್ತು ಕಣ್ಣು ಪಿಳಿಪಿಳಿ ಬಿಟ್ಟು ಆಕೆಯನ್ನೇ ನೋಡುತ್ತಿದ್ದ ಗಂಗಾ ಬಾರಕೇರ.