ಗೆರೆ ದಾಟಿಸಿದ ಮೀನು

ಮಾರ್ಚ್ ೧೪, ಶನಿವಾರ

ಮಲಗಿದರೂ ಮಂಚ ದೋಣಿಯಂತೆ ತೂಗುತ್ತಿದೆ. ಬೆಳಿಗ್ಗೆ ಭಾವನ ಜೊತೆ ಗಾಳ ಹಾಕಲು ಕಡಲಿಗೆ ಹೋಗಿದ್ದೆ. ಗಡಿ ಇನ್ನೂ ದೂರ ಎಂದು ಎಂಜಿನ್ ಆರಿಸಿದೆವು. ದೊಡ್ಡ ಮೀನೊಂದು ಕಚ್ಚಿತು. ಅದರೊಡನೆ ಜಗ್ಗಾಡುವ ಭರದಲ್ಲಿ ಸೆಳೆತ ದೋಣಿಯನ್ನು ಎತ್ತ ಒಯ್ಯುತ್ತಿದೆ ಎಂದು ಇಬ್ಬರೂ ನೋಡಲಿಲ್ಲ. ಮೀನು ಮೇಲೆ ಬಂದಾಗ ಜಿಪಿಎಸ್ ನೋಡಿದರೆ ಪಕ್ಕದ ದೇಶದ ನೀರಿನಲ್ಲಿದ್ದೆವು.

"ಕಚ್ಚಿದ್ದು ನಮ್ಮ ಕಡೆ, ಮೀನು ನಮ್ದೇ," ಎಂದರು ಭಾವ.

"ಗಾಳ ಅವರ ನೀರಲ್ಲಿತ್ತಲ್ಲ, ನಮ್ಮನ್ನ ಜೈಲಿಗೆ ಹಾಕೋಕೆ ಅಷ್ಟೇ ಸಾಕು," ಎಂದೆ.

"ನೀನು ಬಾಯಿ ಬಿಡ್ಬೇಡ, ಯಾರಿಗೂ ಗೊತ್ತಾಗಲ್ಲ."

ಈಗ ನೋಡಿದರೆ, ಮೀನು ಹಿಡಿದು ನಿಂತ ಫೋಟೋವನ್ನು ಭಾವ ತಾವೇ ಗಾಳದವರ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ನಗುವ ಅವರ ಹಲ್ಲಿಗಿಂತ ಬೆನ್ನ ಹಿಂದಿನ ಜಿಪಿಎಸ್ ಪರದೆಯೇ ಸ್ಪಷ್ಟವಾಗಿದೆ. ಫೋನ್ ಎತ್ತುತ್ತಿಲ್ಲ, ಗೊರಕೆ ಹೊಡೆಯುತ್ತಿರಬೇಕು. ಗುಂಪಿನಲ್ಲಿರುವ ಕರಾವಳಿ ಕಾವಲು ಪಡೆಯ ಅಧಿಕಾರಿ ಈಗಷ್ಟೇ ಕೇಳಿದ್ದಾರೆ: "ಭಾರಿ ಮೀನು! ಎಲ್ಲಿ ಸಿಕ್ತು?"