ಕತ್ತರಿಸಿದ್ದು ನಾವೇ

ಅಕ್ಟೋಬರ್ ೬, ಸೋಮವಾರ

ಕಾಫಿ, ಗ್ರಾಫ್, ದೂರುಗಳು. ಇಡೀ ಕೌಂಟಿಯ ಇಂಟರ್ನೆಟ್ಟಿಗೆ ಕಾವಲು ನಾನೊಬ್ಬಳೇ. ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಿ ಅಂದರೆ ಮಾಲೀಕ ಹಾರ್ಲನ್‌ಗೆ ಕಿವಿ ಕೇಳಿಸುವುದಿಲ್ಲ.

ಹತ್ತರ ಹೊತ್ತಿಗೆ ಟ್ರಾಫಿಕ್ ಗ್ರಾಫ್ ನೆಟ್ಟಗೆ ಎದ್ದು ನಿಂತಿತು. ಯಾರೋ ಕೈವಶ ಮಾಡಿಕೊಂಡ ಎಲ್ಲೆಲ್ಲಿಯದೋ ಅಗ್ಗದ ಕ್ಯಾಮೆರಾಗಳು, ರೌಟರ್‌ಗಳು... ಒಟ್ಟಿಗೆ ಒಂದೇ ವಿಳಾಸಕ್ಕೆ ಕಸದಂಥ ಡೇಟಾ ಸುರಿಯುತ್ತಿವೆ. ಯಾರದೆಂದು ನೋಡಿದೆ — ನಮ್ಮೂರಿನ ಐಲಾ ಒಬ್ಬರೇ ನಡೆಸುವ ಆನ್‌ಲೈನ್ ಪತ್ರಿಕೆ. ಕಾಗದದ ಗಿರಣಿಯಿಂದ ಬಾವಿಗಳಿಗೆ ವಿಷ ಇಳಿಯುತ್ತಿದೆಯೆಂದು ನಿನ್ನೆಯೇ ಬರೆದಿದ್ದರು. ಗಿರಣಿ ವಿಸ್ತರಣೆಗೆ ಗುರುವಾರ ಪುರಸಭೆಯಲ್ಲಿ ಮತ.

ಮಧ್ಯಾಹ್ನ

ಸೋಸಿ ನೋಡಿದೆ. ಪ್ರಯೋಜನವಿಲ್ಲ. ಕಸ ನಮ್ಮ ಬಾಗಿಲು ಮುಟ್ಟುವ ಮೊದಲೇ ದಾರಿ ತುಂಬಿಹೋಗಿದೆ. ಶಾಲೆ, ಬ್ಯಾಂಕು, ಎಲ್ಲ ಸ್ತಬ್ಧ. ನಮಗೆ ಲೈನ್ ಕೊಡುವ ದೊಡ್ಡ ಕಂಪನಿ ಸೋಸಿಕೊಡುತ್ತದೆ, ಬೆಲೆ ಕೊಟ್ಟರೆ.

"ಒಬ್ಬ ಮುದುಕಿಗೋಸ್ಕರ ಅಷ್ಟು ಖರ್ಚಾ?" ಎಂದ ಹಾರ್ಲನ್. "ಅವಳ ವಿಳಾಸಾನೇ ಕತ್ತರಿಸೋಕೆ ಹೇಳು ಅವರಿಗೆ."

"ದಾಳಿ ಮಾಡ್ತಿರೋರಿಗೆ ಬೇಕಾಗಿರೋದೂ ಅದೇ ತಾನೆ?"

"ಮಿಕ್ಕ ಗಿರಾಕಿಗಳಿಗೆ ನೆಟ್ ಬೇಕು ಸಿಗ್ನೆ. ನಡಿ, ನಡಿ."

ಕತ್ತರಿಸಿದೆವು. ಊರಿಗೆ ಊರೇ ಸರಿಹೋಯಿತು. ಹಾರ್ಲನ್ ಪಿಜ್ಜಾ ತರಿಸಿದ. ತಿಂದೆ ಕೂಡ.

ಅಕ್ಟೋಬರ್ ೭

ಐಲಾ ಫೋನ್ ಮಾಡಿದರು.

"ನನ್ನ ಪೇಜ್ ಯಾವಾಗ ಬರುತ್ತಮ್ಮಾ?"

"ದಾಳಿ ನಿಂತ ಮೇಲೆ."



"ಅಂದ್ರೆ ಅವರು ಶುರು ಮಾಡಿದ್ದನ್ನ ನೀವು ಮುಗಿಸಿಕೊಟ್ರಿ ಅನ್ನು."

ಅಕ್ಟೋಬರ್ ೧೦

ನಿನ್ನೆಯ ಮತದಲ್ಲಿ ಗಿರಣಿ ಗೆದ್ದಿತು. ಐಲಾ ವರದಿಯನ್ನು ಜೆರಾಕ್ಸ್ ಮಾಡಿಸಿ ಅಂಗಡಿ ಮುಂದೆ ನಿಂತು ಹಂಚಿದರಂತೆ. ಆ ಚಳಿಗಾಳಿಯಲ್ಲಿ ಅದನ್ನು ಈಸಿಕೊಳ್ಳಲು ಜೇಬಿನಿಂದ ಕೈ ತೆಗೆದವರೇ ಕಡಿಮೆ. ಗಿರಣಿಯ ವಿರುದ್ಧ ಮತ ಹಾಕಿದ ಸದಸ್ಯ ಒಬ್ಬನೇ — ದನದ ಡಾಕ್ಟರ್ ಟೋರ್ವಲ್ಡ್.

ಐಲಾರ ವಿಳಾಸ ಮತ್ತೆ ತೆರೆಸಿ ನೋಡಿದೆ. ಕಸದ ಸುಳಿವಿಲ್ಲ. ಇನ್ನು ಯಾಕೆ ಇರುತ್ತದೆ?

ಅಕ್ಟೋಬರ್ ೨೭

ಐಲಾ ಬಂದು ಕನೆಕ್ಷನ್ ಬಿಟ್ಟರು. ಪತ್ರಿಕೆಯನ್ನೂ ಮುಚ್ಚುತ್ತಾರಂತೆ. ಮೋಡೆಮ್ ಮೇಜಿನ ಮೇಲಿಟ್ಟರು. ಕ್ಷಮಿಸಿ ಅನ್ನಲು ಬಾಯಿ ತೆರೆದೆ.

"ಬೇಡ ಬಿಡೇ. ಕೆಲಸ ಚೆನ್ನಾಗೇ ಮಾಡಿದ್ದೀಯ. ನನಗೆ ಹೊಟ್ಟೆ ಉರಿಯೋದೂ ಅದಕ್ಕೇ."

ನವೆಂಬರ್ ೧೨, ಬೆಳಿಗ್ಗೆ

ಗ್ರಾಫ್ ಮತ್ತೆ ಎದ್ದಿದೆ. ಈ ಸಲ ಟೋರ್ವಲ್ಡ್‌ನ ದನದ ಆಸ್ಪತ್ರೆ. ಮೊನ್ನೆಯಷ್ಟೇ ಗಿರಣಿಯ ಮೇಲೆ ಕೋರ್ಟಿಗೆ ಹೋಗಿದ್ದ. ನಾವು ಏನು ಮಾಡುತ್ತೇವೆಂದು ದಾಳಿ ಮಾಡುವವರಿಗೆ ಈಗ ಚೆನ್ನಾಗಿ ಗೊತ್ತು.

"ಏನ್ ಬರೀತಾ ಕೂತಿದ್ದೀಯ? ಹೋದ್ಸಲ ಮಾಡಿದ್ದನ್ನೇ ಮಾಡು!"

ಆಗಲ್ಲ ಅಂದೆ. ಹಾರ್ಲನ್ ನಕ್ಕ. ಮತ್ತೆ ಅಂದೆ. ಈಗ ನಗುತ್ತಿಲ್ಲ. ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು ಪಾಸ್‌ವರ್ಡ್ ಕೇಳುತ್ತಿದ್ದಾನೆ. ಶಾಲೆಯಿಂದ ಫೋನು, ಬ್ಯಾಂಕಿನಿಂದ ಫೋನು. ನಾನು ಪೆನ್ನು ಬಿಡುತ್ತಿಲ್ಲ. ಬಿಟ್ಟರೆ ಕೈ ಎಲ್ಲಿ ಕೀಬೋರ್ಡಿನ ಕಡೆ ಹೋಗಿಬಿಡುತ್ತದೋ —