ಬೆಂಕಿಯ ಆಚೆ ಅಣ್ಣ, ಈಚೆ ತಮ್ಮ

ಸಿರಕ್ಯೂಸ್, ನ್ಯೂಯಾರ್ಕ್ ರಾಜ್ಯ

ತಮ್ಮ ಸಿದ್ದರಾಜುವಿಗೆ,

ರೈತರ ಪ್ರವಾಸದ ತಂಡ ಇಲ್ಲಿಗೆ ಬಂದು ಮೂರು ದಿನವಾಯಿತು. ನಮ್ಮಿಬ್ಬರಿಗೆ ಮಾತಿಲ್ಲದ್ದರಿಂದ ಈ ಕಾರ್ಡು.

ಇಲ್ಲಿನ ಆರು ಮೂಲನಿವಾಸಿ ಜನಾಂಗಗಳ ಒಕ್ಕೂಟವನ್ನು ಐವತ್ತು ಮುಖಂಡರ ಸಭೆ ನಡೆಸುತ್ತದೆ. ನಿನ್ನೆ ಮ್ಯೂಸಿಯಂನಲ್ಲಿ ಆ ಸಭೆಯ ಮಾದರಿ ನೋಡಿದೆ. ನಡುವೆ ಬೆಂಕಿ. ಒಂದು ಬದಿ ಕೂರುವ ಜನಾಂಗಗಳಿಗೆ ಅಣ್ಣಂದಿರು, ಎದುರು ಬದಿಯವರಿಗೆ ತಮ್ಮಂದಿರು ಎಂದೇ ಹೆಸರು. ಅಣ್ಣಂದಿರು ಮೊದಲು ಮಾತಾಡುತ್ತಾರೆ. ತಮ್ಮಂದಿರೂ ಒಪ್ಪಿದರೆ ಮಾತ್ರ ಮುಂದಿನ ಮಾತು. ಓಟು ಹಾಕುವುದೇ ಇಲ್ಲ. ನನಗೆ ಹೊಟ್ಟೆ ಉರಿಯಿತು. ನಮ್ಮೂರ ಡೈರಿ ಚುನಾವಣೆಯಲ್ಲಿ ನೀನು ನನ್ನನ್ನು ಸೋಲಿಸಿದ್ದು ಒಂದೇ ಓಟಿನಿಂದ. ಮಂಡ್ಯದಿಂದ ತರಿಸಿದ ನಿನ್ನ ಹಾರ ಇನ್ನೂ ಕಣ್ಣಲ್ಲಿದೆ.

ಇಲ್ಲಿ ಮುಖಂಡನನ್ನು ಆರಿಸುವವಳು ಕುಲದ ಹಿರಿಯ ತಾಯಿಯಂತೆ. ಅವ್ವನ ಓಟು ಯಾರಿಗೆ ಬಿತ್ತೆಂದು ಹೊರಡುವಾಗ ಕೇಳಿದ್ದೆ. "ಇಬ್ರೂ ನನ್ನೊಟ್ಟೇಲೇ ಉಟ್ಟೋರು ಕಣ್ಲಾ, ಸುಮ್ಕೆ ಬಸ್ಸತ್ತು," ಅಂದಳು.

ಚಳಿಗೆ ಮಂಡಿ ಹಿಡಿದಿದೆ, ಮಾತ್ರೆ ಸಾಕಷ್ಟಿದೆ. ಈ ಕಾರ್ಡನ್ನು ಅವ್ವನಿಗೆ ಓದಿ ಹೇಳಿ, ಇನ್ನೊಮ್ಮೆ ಕೇಳು. ನಿನ್ನ ಹೆಸರು ಹೇಳಿದರೆ ನನಗೆ ತಿಳಿಸಬೇಡ. ನನ್ನ ಹೆಸರು ಹೇಳಿದರೆ ಫೋನ್ ಮಾಡು.

ನಿನ್ನಣ್ಣ
ಚನ್ನರಾಜು